ಕಿಲ್ಟಿಗೆ ಟೀ ಶರ್ಟ್ ಒಪ್ಪುತ್ತದೆಯೇ?

ಎಡಿನ್‌ಬರೋದಲ್ಲಿ ಓದುತ್ತಿರುವ ನಿಮಗೆ ಗೆಳೆಯನ ಮನೆಯವರು ಸ್ಕಾಟ್ಲೆಂಡಿನ ನೆರಿಗೆಯುಡುಪು ಕಿಲ್ಟನ್ನು ಉಡುಗೊರೆ ಕೊಟ್ಟಿದ್ದಾರೆ. ಟೀ ಶರ್ಟ್, ಬೂಟಿನ ಜತೆ ಉಟ್ಟರೆ ಅವರು ಬೇಸರಪಟ್ಟುಕೊಂಡಾರೇ ಎಂಬ ಅಳುಕು ನಿಮ್ಮದು. ಅಳುಕು ಬೇಡ. ಅದೇ ಊರಿನ ಹೋವಿ ನಿಕೋಲ್ಸ್‌ಬಿ 1996ರಿಂದಲೇ ಡೆನಿಮ್, ಚರ್ಮಗಳಲ್ಲೂ ಕಿಲ್ಟ್ ಹೊಲಿಯುತ್ತ ಬಂದವರು. ಸ್ಕಾಟ್ಲೆಂಡಿನ ಫುಟ್‌ಬಾಲ್ ಅಭಿಮಾನಿಗಳಂತೂ ತಂಡದ ಜೆರ್ಸಿ ತೊಟ್ಟು, ಕಿಲ್ಟ್ ಉಟ್ಟೇ ಪಂದ್ಯಕ್ಕೆ ಹೊರಡುತ್ತಾರೆ.

ಉಡುವ ಕ್ರಮದಲ್ಲಿ ಮಾತ್ರ ರಾಜಿ ಬೇಡ. ನೆರಿಗೆ ಹಿಂದೆ, ಚಪ್ಪಟೆ ಭಾಗ ಮುಂದೆ. ಜೀನ್ಸ್ ತೊಟ್ಟ ಅಭ್ಯಾಸಕ್ಕೆ ಸೊಂಟದಿಂದ ಕೆಳಗಿಳಿಸಬೇಡಿ. ಹೊಕ್ಕುಳ ಮಟ್ಟದಲ್ಲಿ ಬಿಗಿದರೆ ಅಂಚು ಮಂಡಿಯ ನಡುವಿಗೆ ನಿಲ್ಲುತ್ತದೆ. ಕಿಲ್ಟಿನ ಪಿನ್ನನ್ನು ಮುಂಭಾಗದ ಹೊರಪದರಕ್ಕಷ್ಟೇ ಚುಚ್ಚಿ. ಎರಡೂ ಪದರ ಸೇರಿಸಿ ಚುಚ್ಚಿದರೆ ನಡೆಯುವಾಗ ಬಟ್ಟೆ ಜಗ್ಗಿ ಹರಿದೀತು. ಪೂರ್ತಿ ಅಳತೆಯ ಕಿಲ್ಟಿಗೆ ಸುಮಾರು 8 ಗಜ ಉಣ್ಣೆಬಟ್ಟೆ ಹಿಡಿಯುತ್ತದೆ, ಹೆಚ್ಚಿನದು ನೆರಿಗೆಗೇ. ಹಾಗಾಗಿ ಕೂರುವ ಮೊದಲು ಹಿಂದಿನ ನೆರಿಗೆಗಳನ್ನು ಅಂಗೈಯಿಂದ ಸವರಿಕೊಳ್ಳಿ. ಇಲ್ಲದಿದ್ದರೆ ದಿನವೂ ಇಸ್ತ್ರಿಯೇ ಗತಿ.

ಟಾರ್ಟನ್ ಚೌಕಳಿಯೇ ಸಾಕಷ್ಟು ಕಣ್ಣು ಸೆಳೆಯುವುದರಿಂದ ಮೇಲಕ್ಕೆ ಒಂದೇ ಬಣ್ಣದ ಟೀ ಶರ್ಟೋ ಸ್ವೆಟರೋ ಇರಲಿ. ಜಾಕೆಟ್ ಗಿಡ್ಡದಾಗಿರಲಿ. ದಪ್ಪ ಸಾಕ್ಸನ್ನು ಬೂಟಿನ ಮೇಲೆ ಮಡಚಿ ಬಿಡಿ. ಅಚ್ಚ ಬಿಳಿ ಸಾಕ್ಸ್ ನನಗಂತೂ ಹಿಡಿಸದು, ಬ್ಯಾಂಡ್‌ಸೆಟ್ಟಿನವರ ನೆನಪಾಗುತ್ತದೆ! ಸೊಂಟದ ಚೀಲ ಸ್ಪೊರನ್ ಹಗಲಿಗೆ ಸರಳ ಚರ್ಮದ್ದೇ ಚೆನ್ನ, ತುಪ್ಪಳದ್ದು ಸಂಜೆಯ ಔತಣಕ್ಕೆ.

ಗೆಳೆಯನ ಮನೆಯ ಮದುವೆಗೆ ಉಡುವುದಾದರೆ ಮಾತ್ರ ಮೊದಲೇ ಅವರನ್ನು ಕೇಳಿ. ಔಪಚಾರಿಕ ಜಾಕೆಟ್ಟೇ ಬೇಕೆಂದರೆ ಕೊಳ್ಳಬೇಕಿಲ್ಲ, ಅಲ್ಲಿ ಬಾಡಿಗೆಗೂ ಸಿಗುತ್ತದೆ.