ಜೇನುನೊಣಕ್ಕೆ ದೂರ ಹೇಗೆ ಗೊತ್ತಾಗುತ್ತೆ?



ಬಸ್ಸಿನ ಕಿಟಕಿ ಪಕ್ಕ ಕೂತಾಗ ನೋಡಿದ್ದೀರಾ? ರಸ್ತೆ ಬದಿಯ ಮರಗಳು ಸರ್ರಂತ ಹಿಂದಕ್ಕೆ ಓಡುತ್ತವೆ. ದೂರದ ಗುಡ್ಡ ನಿಧಾನಕ್ಕೆ ಸರಿಯುತ್ತದೆ. ಜೇನುನೊಣ ದೂರ ಅಳೆಯುವುದೂ ಹೀಗೇ, ಕಣ್ಣಿನಿಂದ!

ಇದನ್ನು ತೋರಿಸಿಕೊಟ್ಟವರಲ್ಲಿ ಮುಖ್ಯರು ಮಂಡ್ಯಂ ಶ್ರೀನಿವಾಸನ್. ಇವರು ಬೆಂಗಳೂರಿನಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದರು. 1970ರಲ್ಲಿ ಅಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ ಪಡೆದರು. 1976ರಲ್ಲಿ ಅಮೆರಿಕಾದ ಯೇಲ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಆಯಿತು. ಆಮೇಲೆ ಆಸ್ಟ್ರೇಲಿಯಾದಲ್ಲಿ ಬಹಳ ವರ್ಷ ಕೀಟಗಳ ಕಣ್ಣು ಮತ್ತು ಮಿದುಳಿನ ಬಗ್ಗೆ ಸಂಶೋಧನೆ ಮಾಡಿದರು.

ಮೊದಲನೇ ಪ್ರಯೋಗ: ಗೋಡೆಗಳ ಮೇಲೆ ಪಟ್ಟೆ ಬರೆದ ಒಂದು ಓಣಿ. ಜೇನುನೊಣ ಸರಿಯಾಗಿ ನಡುವೆ ಹಾರಿತು. ಒಂದು ಗೋಡೆಯ ಪಟ್ಟೆಗಳನ್ನು ನೊಣ ಹಾರುವ ಕಡೆಗೇ ಸರಿಸಿದರು. ಆಗ ಆ ಪಟ್ಟೆ ನೊಣಕ್ಕೆ ನಿಧಾನವಾಗಿ ಕಂಡಿತು. ಗೋಡೆ ದೂರ ಇದೆ ಅಂತ ತಿಳಿದು ನೊಣ ಅದರ ಹತ್ತಿರ ಹೋಯಿತು.

ಎರಡನೇ ಪ್ರಯೋಗ: ಆಹಾರ ಸಿಕ್ಕ ದೂರವನ್ನು ಜೇನುನೊಣ ಗೂಡಿನಲ್ಲಿ ಕುಣಿದು ಹೇಳುತ್ತದೆ. ದೂರ ಜಾಸ್ತಿಯಾದರೆ ಹೊಟ್ಟೆ ಅಲ್ಲಾಡಿಸುತ್ತಾ ಓಡುವ ಹೊತ್ತೂ ಜಾಸ್ತಿ. ಶ್ರೀನಿವಾಸನ್ ಮತ್ತು ಜೊತೆಗಾರರು ಸುಮಾರು 6 ಮೀಟರ್ ಉದ್ದದ ಕಿರಿದಾದ ಓಣಿಯ ಕೊನೆಯಲ್ಲಿ ಸಕ್ಕರೆ ನೀರು ಇಟ್ಟರು. ನೊಣ ವಾಪಸ್ ಬಂದು ನೂರು ಮೀಟರಿಗಿಂತಲೂ ದೂರ ಹೋಗಿ ಬಂದಂತೆ ಕುಣಿಯಿತು! ಗೋಡೆ ಹತ್ತಿರ ಇದ್ದುದರಿಂದ ಚಿತ್ರಗಳು ವೇಗವಾಗಿ ಓಡಿದ್ದವು. ಪಟ್ಟೆಗಳನ್ನು ಓಣಿಯ ಉದ್ದಕ್ಕೆ ಬರೆದಾಗ, ಹತ್ತಿರವೇ ಹೋಗಿ ಬಂದಂತೆ ಕುಣಿಯಿತು. ಬಸ್ಸಿನಿಂದ ನೋಡಿದರೆ ಕರೆಂಟ್ ಕಂಬ ಓಡುತ್ತದೆ, ಉದ್ದದ ತಂತಿ ಓಡಿದಂತೆ ಕಾಣುವುದಿಲ್ಲ. ಇದೂ ಹಾಗೇ. ಈ ಫಲಿತಾಂಶ 2000ದಲ್ಲಿ ಪ್ರಕಟವಾಯಿತು.

ಇದರ ಉಪಯೋಗ: ಚಾಲಕನಿಲ್ಲದ ಪುಟ್ಟ ವಿಮಾನಗಳಿಗೆ ಡಿಕ್ಕಿ ಹೊಡೆಯದೆ ಹಾರಲು, ಮೆತ್ತಗೆ ಇಳಿಯಲು ಇದೇ ಉಪಾಯ ಬಳಸಿದರು. 2006ರಲ್ಲಿ ಆಸ್ಟ್ರೇಲಿಯಾ ದೇಶ ಇವರಿಗೆ ಪ್ರಧಾನಮಂತ್ರಿ ವಿಜ್ಞಾನ ಪ್ರಶಸ್ತಿ ಕೊಟ್ಟಿತು.

ಜೇನುನೊಣದ ಮಿದುಳು ಎಳ್ಳುಕಾಳಿಗಿಂತ ಚಿಕ್ಕದು. ಅದರಲ್ಲೇ ಇಷ್ಟು ಲೆಕ್ಕ!

ಒಂದು ನಿಜ ಹೇಳುತ್ತೇನೆ. ಹೋದ ವರ್ಷ ಜೇನು ಕೀಳುವವರ ಹಿಂದೆ ನಾನೂ ಹೋಗಿದ್ದೆ. ಪಂಜಿನ ಬೆಂಕಿಗೆ ರೆಕ್ಕೆ ಸುಟ್ಟು ನೊಣಗಳು ರಾಶಿ ಬಿದ್ದವು. ನಾನು ತುಪ್ಪ ನೆಕ್ಕುತ್ತಾ ಅವನ್ನು ಕಾಲಿನಿಂದ ಸರಿಸಿದೆ. ಈ ಪಾಠ ಬರೆಯುವಾಗ ಅದೇ ನೆನಪಾಗಿ ಬೇಜಾರಾಯ್ತು. ದಾರಿಯನ್ನೆಲ್ಲ ಅಳೆದು ಮನೆಗೆ ಬಂದಿದ್ದ ನೊಣಗಳು ಅವು. ಇನ್ನು ಮೇಲೆ ನಾನು ಹೋಗುವುದಿಲ್ಲ. ನೀವೂ ಗೂಡಿಗೆ ಕಲ್ಲು ಹೊಡೆಯಬೇಡಿ.

ಪ್ರಶ್ನೆ: ಬಯಲಿನಲ್ಲಿ ಮತ್ತು ದಟ್ಟ ತೋಟದಲ್ಲಿ ಒಂದೇ ದೂರ ಹಾರಿದರೆ, ಯಾವುದು ಜೇನುನೊಣಕ್ಕೆ ಹೆಚ್ಚು ದೂರ ಅನ್ನಿಸಬಹುದು? ಯೋಚಿಸಿ.

— 7ನೇ ತರಗತಿ ವಿದ್ಯಾರ್ಥಿ