ನೀಲಿ ಹೊಗೆ ಕಂಡ ಕೂಡಲೇ ಎಂಜಿನ್ ಬಿಚ್ಚಬೇಡಿ

ಹಳೆಯ ಪೆಟ್ರೋಲ್ ಕಾರಿನಿಂದ ಆಯಿಲ್ ತೊಟ್ಟಿಕ್ಕುತ್ತಿದೆ, ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತಿದೆ, ಬೋರ್ ಮಾಡಿಸಲೇಬೇಕೆಂದು ಮಾನ್ವಿಯ ಗ್ಯಾರೇಜಿನಲ್ಲಿ ಹೇಳಿದ್ದಾರೆ ಎಂದು ಬರೆದಿದ್ದೀರಿ. ಎರಡೂ ಒಟ್ಟಿಗೇ ಶುರುವಾದದ್ದು ದೊಡ್ಡ ಸುಳಿವು. ಪಿಸ್ಟನ್ ದಾಟಿ ಕೆಳಗಿಳಿದ ಅನಿಲವನ್ನು ಹೊರಗೆಳೆಯಲು ಪಿಸಿವಿ ವಾಲ್ವ್ ಇರುತ್ತದೆ. ಅದು ಜಿಡ್ಡು ಕಟ್ಟಿ ಮುಚ್ಚಿದರೆ ಒಳಗಿನ ಒತ್ತಡ ಸೀಲುಗಳ ಸಂದಿಯಿಂದ ಆಯಿಲನ್ನು ಹೊರಗೆ ತಳ್ಳುತ್ತದೆ. ಗಾಳಿಯ ಪೈಪಿನ ಮೂಲಕ ಸಿಲಿಂಡರಿಗೂ ಒಂದಿಷ್ಟು ಸೇರಿ ಉರಿಯುತ್ತದೆ. ಮೊದಲು ಈ ಅಗ್ಗದ ಬಿಡಿಭಾಗವನ್ನು ನೋಡಿಸಿ.

ಹೊಗೆ ಬಂತೆಂದರೆ ಪಿಸ್ಟನ್ ರಿಂಗ್ ಸವೆದಂತೆಯೇ ಎನ್ನುವವರ ಮಾತು ಪೂರ್ತಿ ಸುಳ್ಳಲ್ಲ. ದೇವದುರ್ಗದ ಕಡೆಯ ಧೂಳಿನಲ್ಲಿ ಹರಿದ ಏರ್ ಫಿಲ್ಟರ್ ಇಟ್ಟುಕೊಂಡೇ ಓಡಿಸಿದ್ದರೆ ರಿಂಗ್ ಸವೆದಿರಲೂಬಹುದು. ಆದರೆ ಅದಕ್ಕೆ ಪುರಾವೆ ಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಒಮ್ಮೆ ಹೊಗೆ ಬಂದು ನಿಂತರೆ ವಾಲ್ವ್ ಸೀಲಿನ ಮೇಲೆ ಅನುಮಾನ. ಆಕ್ಸಿಲರೇಟರ್ ಒತ್ತಿದಷ್ಟೂ ಹೆಚ್ಚಿದರೆ ರಿಂಗಿನ ಮೇಲೆ. ಕಂಪ್ರೆಷನ್ ಅಳೆಸಿ, ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಸಿ. ಒತ್ತಡ ಏರಿದರೆ ರಿಂಗ್ ಸವೆದಿದೆ, ಗ್ಯಾರೇಜಿನವರ ಮಾತೇ ನಿಜ. ದಪ್ಪ ಆಯಿಲ್ ಹಾಕಿದರೆ ಸಾಕೆಂಬ ಸಲಹೆ ಮಾತ್ರ ನನಗೆ ಒಪ್ಪಿಗೆಯಿಲ್ಲ, ಅದು ರೋಗ ಮುಚ್ಚುತ್ತದೆ ಅಷ್ಟೇ. ಬಿಳಿ ಹೊಗೆಯ ಜೊತೆ ಕೂಲೆಂಟ್ ಇಳಿಯುತ್ತಿದ್ದರೆ ಮಾತ್ರ ಇದು ಬೇರೆಯೇ ಕತೆ. ಆಗ 40 ಡಿಗ್ರಿ ದಾಟುವ ರಾಯಚೂರಿನ ಬಿಸಿಲಲ್ಲಿ ಓಡಿಸದೆ, ಕಾರನ್ನು ಎಳೆಸಿಕೊಂಡೇ ಹೋಗಿ.