ಗಣಾಚಾರಿ ಎಂಬ ಅಡ್ಡಹೆಸರು



ಕಳೆದ ಶ್ರಾವಣ ಮಾಸದಲ್ಲಿ ದಾಸೋಹದ ಪಾವತಿ ಪುಸ್ತಕವನ್ನು ಖಾತೆಗೆ ತಾಳೆ ಹಾಕುತ್ತ ಕುಳಿತಾಗ ನಮಗೊಂದು ತೊಡಕು ಎದುರಾಯಿತು. ಜತ್ತ ತಾಲೂಕಿನ ಒಂದೇ ಊರು, ಒಂದೇ ಮನೆ, ಇಬ್ಬರು ಸಹೋದರರ ಎರಡು ಕಾಣಿಕೆ. ಅಣ್ಣನವರ ಅಡ್ಡಹೆಸರು 'ಗಣಾಚಾರಿ', ತಮ್ಮನವರದು 'ಆಚಾರ್ಯ'. ಬರೆದವರು ನಾವೇ ಆದುದರಿಂದ ತಪ್ಪೂ ನಮ್ಮದೇ ಇರಬೇಕೆಂದು ಫೋನು ಮಾಡಿ ಕೇಳಿದೆವು. ತಮ್ಮನವರು ನಕ್ಕು, "ತಪ್ಪು ನಿಮ್ಮದಲ್ಲರೀ. ನನ್ನ ಸಾಲಿಗೆ ಹಾಕಿದಾಗ ಮಾಸ್ತರರು ಹಂಗ ಬರಕೊಂಡಾರ. ಗಣಾಚಾರಿ ಅಂತ ಹೆಸರ ಇರೂದಿಲ್ಲ ಅಂದ್ರಂತ" ಎಂದರು. ಮುಂದೆ ಅವರು ಹೇಳಿದ್ದು ನಗುವ ಮಾತಾಗಿರಲಿಲ್ಲ. ತಂದೆಯವರು ಲಿಂಗೈಕ್ಯರಾದ ಮೇಲೆ ಸಾತ್‌ಬಾರಾ ಉತಾರದಲ್ಲಿ ವಾರಸಾ ಹಚ್ಚಿಸಹೋದಾಗ, ತಾವಿಬ್ಬರೂ ಒಬ್ಬ ತಂದೆಯ ಮಕ್ಕಳೆಂದು ತೋರಿಸಲು ಎಂಟು ತಿಂಗಳು ಓಡಾಡಬೇಕಾಯಿತಂತೆ.

ಗಡಿಭಾಗದ ಭಕ್ತರಲ್ಲಿ ಈ ಹೆಸರಿನ ಮನೆಗಳು ಬೆರಳೆಣಿಕೆಯಷ್ಟು. ಆದರೂ ಆ ಹೆಸರು ಎಲ್ಲಿಂದ ಬಂತು, ಅದರ ಅರ್ಥವೇನು ಎಂಬುದನ್ನು ಎಲ್ಲರೂ ತಿಳಿದಿರುವುದು ಒಳ್ಳೆಯದೆಂದು ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇವೆ.

'ಗಣ' ಎಂದರೆ ಶಿವಗಣ, ಅಂದರೆ ಶರಣರ ಸಮೂಹ. 'ಆಚಾರ' ಎಂದರೆ ನಡೆ. ನಮ್ಮ ಧರ್ಮದ ಪಂಚಾಚಾರಗಳನ್ನು ದೀಕ್ಷೆ ಪಡೆದ ಮಕ್ಕಳೂ ಎಣಿಸಬಲ್ಲರು: ಲಿಂಗಾಚಾರ, ಸದಾಚಾರ, ಶಿವಾಚಾರ, ಭೃತ್ಯಾಚಾರ, ಗಣಾಚಾರ. ಶರಣರನ್ನು, ಶರಣರ ನಡೆಯನ್ನು ಹಳಿಯುವುದನ್ನು ಕೇಳಿ ಸುಮ್ಮನಿರದೆ ಎದ್ದು ನಿಲ್ಲುವುದು, ಸಮೂಹಕ್ಕೆ ಕೇಡು ಬಂದಾಗ ಕಾಯುವುದು ಗಣಾಚಾರ. ಭೃತ್ಯಾಚಾರದಲ್ಲಿ ಭಕ್ತನು ಎಲ್ಲರಿಗಿಂತ ಕಿರಿಯನಾಗಿ ಬಾಗುತ್ತಾನೆ. ಅದೇ ಭಕ್ತ ಗಣಾಚಾರದಲ್ಲಿ ಬಾಗುವುದಿಲ್ಲ. ಈ ಆಚಾರವನ್ನು ಹಿಡಿದವನೇ ಗಣಾಚಾರಿ.

ಹನ್ನೆರಡನೆಯ ಶತಮಾನದಲ್ಲಿ ಈ ಬಿರುದು ಯಾರಿಗೆ ಒಪ್ಪಿತು ಎಂಬುದನ್ನು ನೆನೆಯಬೇಕು. ವೀರ ಗಣಾಚಾರಿ ಎಂದಾಕ್ಷಣ ನಾಲಿಗೆಗೆ ಬರುವ ಹೆಸರು ಮಡಿವಾಳ ಮಾಚಿದೇವರದು. ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯವರು, ಶರಣರ ಬಟ್ಟೆ ಒಗೆಯುವ ಕಾಯಕದವರು. ಕಲ್ಯಾಣದಲ್ಲಿ ಕ್ರಾಂತಿಯಾಗಿ ಶರಣರು ಚದುರಿದಾಗ ವಚನದ ಕಟ್ಟುಗಳನ್ನು ಕಾಯುತ್ತ ಸೈನ್ಯಕ್ಕೆ ಎದುರು ನಿಂತವರು ಅವರೆಂದು ಪರಂಪರೆ ಹೇಳುತ್ತದೆ. ಅಂದರೆ ಗಣಾಚಾರಿ ಎಂಬುದು ಆಗ ಹುಟ್ಟಿನಿಂದ ಬರುವ ಹೆಸರಾಗಿರಲಿಲ್ಲ, ಮಾಡಿದ ಕೆಲಸಕ್ಕೆ ಸಂದ ಹೆಸರಾಗಿತ್ತು.

ಮುಂದಿನ ಕಾಲದಲ್ಲಿ ಮಠಗಳ ವ್ಯವಸ್ಥೆ ಊರೂರಿಗೆ ಹಬ್ಬಿದಾಗ ಇದೇ ಮಾತು ಒಂದು ಹುದ್ದೆಯ ಹೆಸರಾಯಿತು. ಗುರುಗಳು ದೂರದ ಮಠದಲ್ಲಿ ಇರುವವರು. ಊರಲ್ಲಿ ಅವರ ಪರವಾಗಿ ನೋಡಿಕೊಳ್ಳುವವರು ಬೇಕಲ್ಲ? ಆ ಜಂಗಮರೇ ಗಣಾಚಾರಿ. ಯಾರಾದರೂ ಆಚಾರ ತಪ್ಪಿದರೆ ಪಂಚರನ್ನು ಕೂಡಿಸುವುದು, ಗುರುವಿಗೆ ಸುದ್ದಿ ಮುಟ್ಟಿಸುವುದು, ಗುರುವಿಗೆ ಸಲ್ಲಬೇಕಾದ ಕಾಣಿಕೆಯನ್ನು ಮದುವೆ ಮೊದಲಾದ ಕಾರ್ಯಗಳಲ್ಲಿ ಎತ್ತಿಡುವುದು ಅವರ ಪಾಲಿನ ಕೆಲಸ. ಅವರ ಕೈಕೆಳಗೆ ಮಠಪತಿ. ಪತ್ರಿ ತರುವುದು, ಹುಟ್ಟು ಸಾವಿನ ಸುದ್ದಿ ಹೇಳುವುದು, ಕಾರ್ಯಕ್ಕೆ ಕರೆಯುವುದು, ಮನೆ ಮನೆಯ ವಿಧಿಗಳನ್ನು ನಡೆಸುವುದು ಮಠಪತಿಯ ಪಾಲು. ದೊಡ್ಡ ಮಠಗಳಲ್ಲಿ ಆಡಳಿತ ನೋಡುವವರು ಚರಂತಿ. ಇಂದು ಮಠಪತಿ, ಚರಂತಿಮಠ ಎಂಬ ಅಡ್ಡಹೆಸರುಗಳನ್ನು ಕೇಳುತ್ತೇವಲ್ಲ, ಅವೆಲ್ಲ ಹೀಗೆಯೇ ಹುದ್ದೆಯಿಂದ ಬಂದವು. ಲೆಕ್ಕ ಬರೆಯುವ ನಮ್ಮಂಥವರಿಗೆ ಹಳೆಯ ಕಾಲದಲ್ಲಿ ಚರಂತಿ ಎಂದೇ ಹೆಸರು ಬೀಳುತ್ತಿತ್ತೇನೋ!

ಹುದ್ದೆ ತಂದೆಯಿಂದ ಮಗನಿಗೆ ಬರತೊಡಗಿತು. ಮಡಿವಾಳ ಕಾಯಕದ ಶರಣರೊಬ್ಬರ ಬಿರುದು ಜಂಗಮ ಮನೆತನದ ಹಕ್ಕಾಯಿತು. ಇದನ್ನು ಹೇಳಲು ನಾವು ಹಿಂಜರಿಯುವುದಿಲ್ಲ. ಆ ಮನೆತನದವರು ಹೆಮ್ಮೆ ಪಡಬೇಕಾದದ್ದು ಹೆಸರಿನ ಮೊದಲ ಅರ್ಥಕ್ಕೆ, ಎತ್ತಿಟ್ಟ ಕಾಣಿಕೆಗೆ ಅಲ್ಲ.

ಹುದ್ದೆ ಅಡ್ಡಹೆಸರಾಗಿ ಗಟ್ಟಿಯಾದದ್ದು ಮುಂಬಯಿ ಇಲಾಖೆಯ ಕಾಲದಲ್ಲಿ. ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಹೀಗೆ ಮೂರನ್ನೂ ಬರೆಯುವ ರೂಢಿ ಸಾಲೆ ಮತ್ತು ಕಂದಾಯದ ದಫ್ತರಗಳಲ್ಲಿ ಬೇರೂರಿತು. ಪಾಟೀಲ, ಕುಲಕರ್ಣಿ, ದೇಸಾಯಿ, ನಾಡಗೌಡ ಎಲ್ಲವೂ ಹಾಗೆಯೇ ನಿಂತವು. ಆ ವತನಗಳು ಕಾಯದೆಯಿಂದ ಹೋದವು: ಮುಂಬಯಿ ರಾಜ್ಯದಲ್ಲಿ ಪರಗಣಾ ಮತ್ತು ಕುಲಕರ್ಣಿ ವತನಗಳ ರದ್ದಿಯಾತಿ ಕಾಯದೆ 1950ರದು, ಮೈಸೂರು ರಾಜ್ಯದಲ್ಲಿ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯದೆ 1961ರದು. ಹೆಸರುಗಳು ಮಾತ್ರ ಉಳಿದವು. 1956ರ ನವೆಂಬರ 1ರಂದು ಬೆಳಗಾವಿ, ವಿಜಯಪುರ ಮೈಸೂರು ರಾಜ್ಯಕ್ಕೆ ಸೇರಿದಾಗ ಅಕ್ಕಲಕೋಟ, ಜತ್ತ, ಸೊಲ್ಲಾಪುರ ಆಚೆ ಉಳಿದವು. ಒಂದೇ ಹೆಸರಿನ ಬೀಗರು ನೆಂಟರು ಎರಡು ರಾಜ್ಯಗಳಲ್ಲಿ ಹಂಚಿಹೋದರು.

ಆದ್ದರಿಂದಲೇ ಈ ಹೆಸರು ಬೆಳಗಾವಿ, ವಿಜಯಪುರ, ಬಾಗಲಕೋಟೆ, ಧಾರವಾಡ ಕಡೆ ಕಾಣುತ್ತದೆ. ಬೆಳಗಾವಿ ಶಹರದಲ್ಲಿ ಗಣಾಚಾರಿ ಗಲ್ಲಿ ಎಂದೇ ಒಂದು ಓಣಿಯಿದೆ. ತಾಳವಾಡಿ, ಹೊಸೂರಿನ ಭಕ್ತರು ತಂದೆಯ ಹೆಸರಿನ ಮೊದಲಕ್ಷರ ಹಚ್ಚಿಕೊಳ್ಳುವವರು, ಅವರಿಗೆ ಅಡ್ಡಹೆಸರಿನ ಗೋಜೇ ಕಡಿಮೆ. ರಾಯದುರ್ಗ, ಮಡಕಶಿರಾ ಕಡೆ ತೆಲುಗರ ರೂಢಿಯಂತೆ ಮನೆಯ ಹೆಸರು ಮೊದಲು ಬರುತ್ತದೆ. ಅಲ್ಲಿನವರಿಗೆ ಒಂದು ಎಚ್ಚರಿಕೆ: ತೆಲುಗು ಸೀಮೆಯಲ್ಲಿ ಗ್ರಾಮದೇವತೆಯ ಜಾತ್ರೆಯಲ್ಲಿ ಮೈಮೇಲೆ ದೇವರು ಬಂದು ನುಡಿಯುವವರನ್ನೂ ಗಣಾಚಾರಿ ಎನ್ನುತ್ತಾರೆ. ಮಾತು ಒಂದೇ, ಕೆಲಸ ಬೇರೆ.

ಇನ್ನು ಈ ಹೆಸರು ಏಕೆ ವಿರಳ? ನಮಗೆ ತೋರುವುದಿಷ್ಟು. ಊರಿಗೆ ಒಕ್ಕಲು ನೂರಿರಬಹುದು, ಗಣಾಚಾರಿ ಮನೆ ಒಂದೇ ಸಾಕು. ಆ ಮನೆಯಲ್ಲೂ ಹುದ್ದೆ ನಡೆಸಿದವರ ಮಕ್ಕಳಿಗೆ ಹೆಸರು ನಿಂತಿತು. ಬೇರೆ ಊರಿಗೆ ಹೋದವರು ಹಿರೇಮಠ ಎಂದೋ ಮಠದ ಎಂದೋ ಎಲ್ಲರಿಗೂ ತಿಳಿಯುವ ಹೆಸರು ಬರೆಸಿದರು. ಸಾಲೆಯಲ್ಲಿ 'ಆಚಾರ್ಯ' ಆದದ್ದು ಮೇಲೆ ಹೇಳಿದ್ದೇವೆ. ಕಾಸರಗೋಡು, ಮಂಗಳೂರು ಕಡೆ ಹೋದರೆ ಬಾಲದ ಅಕ್ಷರ ನೋಡಿ 'ಆಚಾರಿ' ಎಂದು ತಿಳಿದು, ವಿಶ್ವಕರ್ಮರೇ ಎಂದು ಕೇಳುತ್ತಾರೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ 'ಗಣ'ವೋ 'ಗಾಣ'ವೋ ತಿಳಿಯದೆ, ಗಾಣದ ಕಸುಬಿನವರೇ ಎಂದು ಕೇಳುವವರೂ ಉಂಟು. ಗಾಣದ ಕಸುಬು ಕೀಳೆಂದು ನಾವು ಹೇಳುತ್ತಿಲ್ಲ. ಗಾಣದ ಕಣ್ಣಪ್ಪಯ್ಯ ಎಂಬ ಶರಣರೇ ಇದ್ದರು. ಆದರೆ ಈ ಹೆಸರಿಗೂ ಅದಕ್ಕೂ ಸಂಬಂಧವಿಲ್ಲ.

ಮದುವೆಯ ಮಾತು ನಡೆದಾಗ ಅಡ್ಡಹೆಸರು ಒಂದೇ ಎಂದು ಸಂಬಂಧ ಬಿಟ್ಟವರನ್ನು ಬಲ್ಲೆವು. ಗಣಾಚಾರಿ ಎಂಬುದು ಹುದ್ದೆಯ ಹೆಸರು, ರಕ್ತದ ಹೆಸರಲ್ಲ. ಎರಡು ಊರಿನ ಗಣಾಚಾರಿಗಳು, ಎರಡು ಊರಿನ ಪಾಟೀಲರಂತೆ, ಒಂದೇ ಮೂಲದವರೇ ಆಗಿರಬೇಕೆಂದಿಲ್ಲ. ನೋಡುವ ರೂಢಿ ಇಟ್ಟುಕೊಂಡವರು ಗೋತ್ರ, ಬೆಡಗು ಕೇಳಲಿ. ಅಡ್ಡಹೆಸರೊಂದನ್ನೇ ಹಿಡಿದು ಒಳ್ಳೆಯ ಮನೆತನ ಕಳೆದುಕೊಳ್ಳುವುದು ಬೇಡ.

ಕಾಗದ ಪತ್ರದ ವಿಷಯಕ್ಕೆ ಬರೋಣ. ಹೆಸರು ಯಾವುದೇ ಇರಲಿ, ಸಾಲೆಯ ದಾಖಲೆ, ಆಧಾರ್, ಬ್ಯಾಂಕಿನ ಪಾಸ್‌ಬುಕ್, ಉತಾರ ಈ ನಾಲ್ಕರಲ್ಲೂ ಅಕ್ಷರ ಅಕ್ಷರ ಒಂದೇ ಇರುವಂತೆ ಇಂದೇ ನೋಡಿಕೊಳ್ಳಿರಿ. ಮಗುವನ್ನು ಮೊದಲ ದಿನ ಸಾಲೆಗೆ ಹಾಕುವಾಗ ಹೆಸರನ್ನು ಬಾಯಿಂದ ಹೇಳಬೇಡಿರಿ, ಚೀಟಿಯಲ್ಲಿ ಬರೆದು ಕೊಡಿರಿ. ಮರಾಠಿ ಸಾಲೆಯಾದರೆ ದೇವನಾಗರಿಯಲ್ಲಿ 'ಣ' ಅಕ್ಷರ ಇದೆಯೋ 'ನ' ಆಗಿದೆಯೋ ನೋಡಿರಿ. ದೊಡ್ಡವರು ಹೆಸರು ಬದಲಿಸುವುದಾದರೆ ಸರಕಾರದ ರಾಜಪತ್ರದಲ್ಲಿ ಪ್ರಕಟವಾಗಬೇಕು. ಆ ಪ್ರತಿಯನ್ನು ತೆಗೆದಿಡಿರಿ. ಜತ್ತದ ತಮ್ಮನವರು ಈಗ ಅದನ್ನೇ ಮಾಡಿಸಿದ್ದಾರೆ. ನಮ್ಮ ಪಾವತಿ ಪುಸ್ತಕದಲ್ಲೂ ಅವರಿನ್ನು ಗಣಾಚಾರಿಯವರೇ.

ಈ ಹೆಸರಿನ ಮನೆಗಳಲ್ಲಿ ಹಳೆಯ ಮೋಡಿ ಕಾಗದ, ಗುರುಮಠದಿಂದ ಬಂದ ಆಜ್ಞಾಪತ್ರ, ಕಾಣಿಕೆಯ ಯಾದಿ ಏನಾದರೂ ಉಳಿದಿದ್ದರೆ ಬಸವ ಜಯಂತಿಗೆ ಬರುವಾಗ ತೋರಿಸಿರಿ. ಝೆರಾಕ್ಸ್ ಪ್ರತಿ ಸಾಕು, ಮೂಲ ಕಾಗದವನ್ನು ಬಸ್ಸಿನಲ್ಲಿ ತರಬೇಡಿರಿ.